ಬೇಸ್ ಹಾಡುವವನ ಗಂಟಲು

ನನ್ನ ಕಾಯಿಲೆಯ ಮೊದಲ ಲಕ್ಷಣವನ್ನು ಜನ ಮೆಚ್ಚಿಕೊಂಡರು.

ಅದು ಭಾನುವಾರದ ಸಂಜೆಯ ಆರಾಧನೆ. ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಕಲ್ಲಿನ ಚರ್ಚ್ ಇದೆ. ಬೆಳಿಗ್ಗೆ ಅಲ್ಲಿ ಇಂಗ್ಲಿಷಿನವರು ಆರಾಧನೆ ನಡೆಸುತ್ತಾರೆ, ಅವರು ಎದ್ದುಹೋದ ಮೇಲೆ ಮರಾಠಿಯವರು, ಸಂಜೆ ಕನ್ನಡದವರಾದ ನಾವು. ದೇವರಿಗೆ ಮೂರೂ ಭಾಷೆ ಬರುತ್ತವೆಂದು ನಮ್ಮ ನಂಬಿಕೆ. ಫ್ಯಾನು ಹಾಕುವ ವಾಚ್‌ಮನ್ನನಿಗೆ ಮಾತ್ರ ಮರಾಠಿಯೊಂದೇ. ಪಾಸ್ಟರರ ಪ್ರಸಂಗಕ್ಕೆ ಮೊದಲು ನಾವು ನಾಲ್ವರು ಗಂಡಸರು ಎದ್ದು ನಿಂತು ನಾಲ್ಕು ಸ್ವರಗಳಲ್ಲಿ ಒಂದು ಹಾಡು ಹಾಡುವುದು ವಾಡಿಕೆ. ಎಲ್ಲರಿಗಿಂತ ಮೇಲಿನ ಸ್ವರ, ಅಂದರೆ ಟೆನರ್, ವಿಲ್ಫ್ರೆಡನದು. ನಡುವೆ ಪ್ರಭಾಕರ ಮಾಸ್ಟ್ರು; ಅವರೇ ನಮ್ಮನ್ನು ನಡೆಸುವವರು. ಇನ್ನೊಬ್ಬರು ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಹಾಡುವಾಗಲೂ ಅವರು ಹಾಗೆಯೇ ಇರುತ್ತಾರೆ. ಎಲ್ಲರಿಗಿಂತ ಕೆಳಗಿನ ಸ್ವರ, ಅಂದರೆ ಬೇಸ್, ನನ್ನದು.

ನನ್ನ ಹೆಸರು ಎಬನೇಜರ್. ಉದ್ದವಾಯಿತೆಂದು ಎಲ್ಲರೂ ಎಬು ಎನ್ನುತ್ತಾರೆ. ಉಡುಪಿ ಕಡೆಯ ಮಿಶನ್ ಮನೆತನ. ಹದಿಹರೆಯದಲ್ಲಿ ಗಂಟಲು ಒಡೆದಾಗ ಬೇರೆ ಹುಡುಗರ ಸ್ವರ ಒಂದು ಮಹಡಿ ಇಳಿದರೆ ನನ್ನದು ನೆಲಮಾಳಿಗೆಗೆ ಹೋಯಿತು. "ಈ ಹುಡುಗನ ಒಳಗೆ ಯಾರೋ ಮುದುಕ ಕೂತಿದ್ದಾನೆ" ಎಂದು ಸಂಡೇ ಸ್ಕೂಲಿನ ಟೀಚರಮ್ಮ ನನ್ನ ತಾಯಿಗೆ ಹೇಳಿದ್ದರು. ಮುಂಬಯಿಗೆ ಬಂದು ಫೋರ್ಟಿನ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ಬೇಸ್ ಹಾಡುವುದಾಗಿತ್ತು. ಮದುವೆ, ಶವಸಂಸ್ಕಾರ, ಸುವಾರ್ತಾ ಕೂಟ, ಡಿಸೆಂಬರ್ ಬಂತೆಂದರೆ ಟೆಂಪೋ ಹತ್ತಿ ಕುರ್ಲಾದಿಂದ ಗೋರೆಗಾಂವಿನ ತನಕ ಮನೆಮನೆಯ ಕ್ಯಾರಲ್. ಕ್ಯಾಸೆಟ್ಟುಗಳನ್ನೂ ಮಾಡಿದೆವು. ಕ್ಯಾಸೆಟ್ ಹಾಕುವ ಯಂತ್ರಗಳು ಹೋದವು, ನಾವು ಉಳಿದೆವು. ಸಭೆಯಲ್ಲಿ ಎಷ್ಟೋ ಮಂದಿಗೆ ನನ್ನ ಮುಖ ಸರಿಯಾಗಿ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡರೆ ಗುರುತು ಹಿಡಿಯುತ್ತಾರೆ.

ಆ ಸಂಜೆ ಹಾಡಿನ ಕೊನೆಯ ಸಾಲಿನಲ್ಲಿ ನಾನು ಎಂದಿನಂತೆ ಕೆಳಕ್ಕೆ ಇಳಿದೆ. ಮೆಟ್ಟಿಲು ಮುಗಿಯಿತು ಎಂದುಕೊಂಡಲ್ಲಿ ಇನ್ನೂ ಕೆಲವು ಮೆಟ್ಟಿಲು ಸಿಕ್ಕಿದವು. ಕೀಬೋರ್ಡಿನ ಎಡಗಡೆ, ಯಾರೂ ಹೆಚ್ಚು ಮುಟ್ಟದ ಕಡೆ, ಒಂದು 'ಲೋ ಸಿ' ಇದೆ. ಬೇಸ್ ಹಾಡುವವರಲ್ಲಿ ಬಹಳ ಮಂದಿ ಅದಕ್ಕೆ ದೂರದಿಂದಲೇ ಕೈಮುಗಿದು ಜೀವನ ಮುಗಿಸುತ್ತಾರೆ. ನಾನು ಹೋಗಿ ಅದರ ಮೇಲೆ ಕೂತೆ. ಬೆಂಚುಗಳ ಮರ ಗುಂಯ್ ಎಂದಿತು. ಮುಂದಿನ ಸಾಲಿನ ಹೆಂಗಸೊಬ್ಬರು ಮೊಬೈಲು ಅಂದುಕೊಂಡು ತಮ್ಮ ಕೈಚೀಲ ತಡಕಿದರು.

ಆರಾಧನೆ ಮುಗಿದ ಮೇಲೆ ವಿಲ್ಫ್ರೆಡ್ ನನ್ನ ಭುಜಕ್ಕೆ ಗುದ್ದಿದ. "ಎಂತದು ಮಾರಾಯ ಎಬು, ಗಂಟಲಲ್ಲಿ ಎಮ್ಮೆ ಕಟ್ಟಿಕೊಂಡಿದ್ದೀಯಾ?"

ಮಾಸ್ಟ್ರು ಕಣ್ಣು ಒರೆಸಿಕೊಂಡರು. "ಈ ಪ್ರಾಯದಲ್ಲಿ ಯಾರಿಗೂ ಸಿಗುವುದಿಲ್ಲ ಇದು. ದೇವರ ದಾನ."

ದಾನವನ್ನು ವ್ಯರ್ಥ ಮಾಡಬಾರದಲ್ಲ? ಮಾಸ್ಟ್ರು ನಮ್ಮ ಹಾಡುಗಳನ್ನೆಲ್ಲ ಶ್ರುತಿ ಇಳಿಸಿದರು. ವಿಲ್ಫ್ರೆಡನಿಗೆ ಕಷ್ಟವಾಯಿತು. ಟೆನರಿನವರಿಗೆ ಮೇಲೆ ಹಾರುವುದೇ ಕೆಲಸ, ಕೆಳಗೆ ಬಿಟ್ಟರೆ ನೀರಿಲ್ಲದ ಮೀನಿನ ಹಾಗೆ ಬಾಯಿ ತೆರೆಯುತ್ತಾರೆ. ನನಗೆ ಒಳಗೊಳಗೆ ಖುಷಿ. ನಮ್ಮಲ್ಲಿ ಒಂದು ಕ್ರಮ ಉಂಟು: ಮಗು ಹುಟ್ಟಿದರೆ, ಮನೆ ಆದರೆ, ಕೆಲಸ ಸಿಕ್ಕಿದರೆ ಆ ಕುಟುಂಬದವರು ಕೃತಜ್ಞತಾ ಕಾಣಿಕೆ ಕೊಡುತ್ತಾರೆ, ಪಾಸ್ಟರ್ ಅದನ್ನು ಕಾರಣಸಹಿತ ಓದಿ ಹೇಳುತ್ತಾರೆ. ನಾನೂ ಕೊಟ್ಟೆ. "ಸಹೋದರ ಎಬನೇಜರರಿಗೆ ದೇವರು ಅನುಗ್ರಹಿಸಿದ ಹೊಸ ಸ್ವರಕ್ಕಾಗಿ" ಎಂದು ಪಾಸ್ಟರ್ ಗಂಭೀರವಾಗಿ ಓದಿದರು. ಇಡೀ ಸಭೆ ಆಮೆನ್ ಎಂದಿತು. ನಾನು ಲೋ ಸಿ ಯಲ್ಲಿ ಆಮೆನ್ ಎಂದೆ.

ಸಂಶಯ ಬಂದದ್ದು ಮಗಳಿಗೆ. ಶೆರಿನ್ ಠಾಣೆಯಲ್ಲಿರುತ್ತಾಳೆ. ಅವಳ ಕನ್ನಡ ಲೋಕಲ್ ಗಾಡಿಯ ಹಾಗೆ, ನಿಲ್ಲುತ್ತ ನಿಲ್ಲುತ್ತ ಬರುತ್ತದೆ.

"ಪಪ್ಪಾ, ಫೋನಲ್ಲಿ ನಿಮ್ಮ ಆವಾಜ್... ಅಜೀಬ್ ಬರ್ತಾ ಇದೆ. ಕಲ್ಲು ಉಜ್ಜಿದ ಹಾಗೆ. ಎಷ್ಟು ದಿನದಿಂದ?"

"ಇದು ದೇವರ ದಾನ" ಎಂದೆ.

"ದೇವರ ದಾನ ಆದ್ರೂ ಇಎನ್‌ಟಿಗೆ ತೋರಿಸಿ ನಾ, ಪ್ಲೀಸ್. ಮಮ್ಮೀ, ನೀನು ಹೇಳು."

ಫೋನು ಸ್ಪೀಕರಿನಲ್ಲಿತ್ತು. ಸುಗುಣ, ನನ್ನ ಹೆಂಡತಿ, ಅಡುಗೆಮನೆಯಿಂದಲೇ ಹೇಳಿದಳು: "ನಾನು ಹೇಳಿ ಹೇಳಿ ನನ್ನ ಸ್ವರ ಹೋಯಿತು. ಬೆಳಿಗ್ಗೆ ಎದ್ದು ಚಹಾ ಕೇಳಿದ್ರೆ ಬಾಗಿಲು ಕರ್‌ ಅಂದ ಹಾಗೆ ಕೇಳ್ತದೆ. ಹಾಡುವಾಗ ಮಾತ್ರ ದೇವರ ದಾನ, ಮಾತಾಡುವಾಗ ಎಂತ?"

ಕಫ ಎಂದೆ. ಮುಂಬಯಿಯಲ್ಲಿ ಏನಾದರೂ ಕಫ ಎಂದು ಹೇಳಬಹುದು, ಯಾರೂ ಎದುರಾಡುವುದಿಲ್ಲ.

ಕೊನೆಗೆ ಹೋದೆ. ಕಿವಿ-ಮೂಗು-ಗಂಟಲಿನ ಡಾಕ್ಟರ್ ಚಿಕ್ಕ ಪ್ರಾಯದ ಮರಾಠಿ ಹೆಣ್ಣುಮಗಳು. ಮೂಗಿನೊಳಗೆ ಸ್ಪ್ರೇ ಹೊಡೆದು, ನೂಡಲ್ಸಿನಂಥ ಒಂದು ಕ್ಯಾಮರಾ ನಳಿಕೆಯನ್ನು ಒಳಗೆ ಇಳಿಸಿದಳು. "ಕಾಕಾ, 'ಈ' ಮ್ಹಣಾ."

ಈ ಎಂದೆ.

"ಅಜೂನ್ ಏಕ್‌ದಾ."

ಮತ್ತೊಮ್ಮೆ ಈ ಎಂದೆ. ಅವಳು ಆವರೆಗೆ ನನ್ನ ಜೊತೆ ಸೆಖೆ, ಟ್ರಾಫಿಕ್ಕು, ಉಡುಪಿ ಹೋಟೆಲಿನ ಸಾಂಬಾರು ಎಂದೆಲ್ಲ ಮಾತಾಡುತ್ತಿದ್ದಳು. ಮಾತು ನಿಂತಿತು. ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು.

ಆ ತಿರುಗಿಸಿದ್ದನ್ನು ಕಂಡಾಗಲೇ ನನಗೆ ಗೊತ್ತಾಯಿತು.

ಎಡಗಡೆಯ ಧ್ವನಿತಂತುವಿನ, ಅಂದರೆ ವೋಕಲ್ ಕಾರ್ಡಿನ ಮೇಲೆ ಗ್ರೋತ್ ಇದೆ ಎಂದಳು. ಗ್ರೋತ್ ಎಂದರೆ ಬೆಳವಣಿಗೆ. ಕಚೇರಿಯಲ್ಲಿ ಆ ಪದ ಕೇಳಿದರೆ ಪೇಡೆ ಹಂಚುತ್ತಿದ್ದರು. ಸಿಗರೇಟು ಉಂಟಾ, ತಂಬಾಕು ಉಂಟಾ, ಗುಟ್ಕಾ ಉಂಟಾ ಎಂದು ಕೇಳಿದಳು. ಯಾವುದೂ ಇಲ್ಲ. ಹಾಡುವವನಿಗೆ ಗಂಟಲು ಪವಿತ್ರ ಎಂದು ಐಸ್ಕ್ರೀಮನ್ನು ಕೂಡ ಬಾಯಲ್ಲಿ ಬಿಸಿ ಮಾಡಿ ನುಂಗಿದವನು ನಾನು. ಚರ್ಚಿನ ಹಿಂದಿನ ಗೋಡೆಗೆ ಒರಗಿ ಜೀವಮಾನವೆಲ್ಲ ಸಿಗರೇಟು ಸೇದಿದ ವಿಲ್ಫ್ರೆಡನ ಗಂಟಲು ಈಗಲೂ ಕೊಳಲಿನ ಹಾಗಿದೆ. "ಹಾಗಾದರೆ ನನಗೆ ಯಾಕೆ?" ಎಂದು ಕೇಳಿದೆ. "ಕೆಲವೊಮ್ಮೆ ಹಾಗೇ, ಕಾಕಾ" ಎಂದಳು.

ಕಾರಣ ಇಲ್ಲದ್ದಕ್ಕೆ ಹೆದರಿದಷ್ಟು ನಾನು ಯಾವ ಕಾರಣಕ್ಕೂ ಹೆದರಿದವನಲ್ಲ.

ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಪೂರ್ತಿ ಮಂಪರು ಕೊಟ್ಟು ಬಯಾಪ್ಸಿ ಮಾಡಿದರು. ರಿಪೋರ್ಟ್ ಬರುವ ತನಕ ಮಾತಾಡಬಾರದು, ಪಿಸುಗುಟ್ಟಲೂ ಬಾರದು ಎಂದರು. ಸುಗುಣ ನನ್ನ ಎದುರು ಕುರ್ಚಿ ಎಳೆದು ಕೂತು, "ಮದುವೆ ಆದ ಮೇಲೆ ಇವತ್ತು ಮೊದಲ ಸಲ ನನ್ನ ಮಾತು ಪೂರ್ತಿ ಕೇಳ್ತಾ ಇದ್ದೀರಿ" ಎಂದಳು. ನಗಿಸಲು ಹೇಳಿದ್ದು. ಇಬ್ಬರೂ ಗೋಡೆ ನೋಡುತ್ತಾ ಕೂತೆವು. ಎದುರಿನ ಬಿಲ್ಡಿಂಗಿನಲ್ಲಿ ಯಾರೋ ಮಿಕ್ಸರ್ ಹಾಕಿದರು. ಅದು ಯಾವ ಸ್ವರದಲ್ಲಿ ತಿರುಗುತ್ತಿದೆ ಎಂದು ನನ್ನ ತಲೆ ತನ್ನಷ್ಟಕ್ಕೆ ಹುಡುಕಿತು.

ಕ್ಯಾನ್ಸರ್.

ಆಸ್ಪತ್ರೆಯ ಡಾಕ್ಟರರು ಸ್ವಲ್ಪ ಹಿರಿಯರು, ಸಮಾಧಾನದ ಮನುಷ್ಯ. ಆರಂಭದ ಹಂತ ಎಂದರು, ಕುತ್ತಿಗೆಗೆ ಹರಡಿಲ್ಲ ಎಂದರು. ನಾನು ಹೊಸ ಸ್ವರದ ಸಂಗತಿ ಹೇಳಿದೆ. ಅವರು ತಲೆಯಾಡಿಸಿದರು. "ತಂತಿ ದಪ್ಪ ಆದರೆ ಸ್ವರ ಕೆಳಗೆ ಹೋಗುತ್ತದಲ್ಲ, ಹಾಗೆ. ಗಡ್ಡೆಯ ತೂಕಕ್ಕೆ ಕಾರ್ಡ್ ನಿಧಾನವಾಗಿ ಅದುರುತ್ತಿತ್ತು."

ಅಂದರೆ ಲೋ ಸಿ ಹಾಡಿದ್ದು ನಾನಲ್ಲ.

ನಾವು ಇಡೀ ಸಭೆ ಎದ್ದು ನಿಂತು ಒಂದು ಗಡ್ಡೆಗೆ ಆಮೆನ್ ಹೇಳಿದ್ದೆವು. ಮನೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ನನಗೆ ನಗು ಬಂತು. ಸುಗುಣ ನನ್ನ ಕೈ ಹಿಡಿದುಕೊಂಡಳು; ನಾನು ಅಳುತ್ತಿದ್ದೇನೆ ಎಂದು ಅವಳಿಗೆ ಅನಿಸಿತು. ಸ್ವಲ್ಪ ದೂರ ಹೋದ ಮೇಲೆ ಅವಳು ಅಂದುಕೊಂಡದ್ದೇ ಸರಿಯಾಯಿತು.

ರೇಡಿಯೇಶನ್ ಕೊಡೋಣ ಎಂದಿದ್ದರು ಡಾಕ್ಟರು. ಗಡ್ಡೆ ಹೋಗುವ ಸಂಭವ ಚೆನ್ನಾಗಿದೆ, ಮಾತಾಡುವ ಧ್ವನಿಯೂ ಬಹುಮಟ್ಟಿಗೆ ಉಳಿಯುತ್ತದೆ. ಹಾಡುವ ಧ್ವನಿಯ ಬಗ್ಗೆ ಭರವಸೆ ಕೊಡುವುದಿಲ್ಲ. ರೇಡಿಯೇಶನ್ ಕೆಲಸ ಮಾಡದಿದ್ದರೆ ಅಥವಾ ಗಡ್ಡೆ ತಿರುಗಿ ಬಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆದು ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಮಾಡಬೇಕಾಗುತ್ತದೆ.

"ನನಗೆ ಜೀವ ಸಾಕು," ಎಂದಳು ಸುಗುಣ. "ನಿಮ್ಮ ಸ್ವರ ನಾನು ಬೇಕಾದಷ್ಟು ಕೇಳಿದ್ದೇನೆ."

ನನಗೆ ಎರಡೂ ಬೇಕಿತ್ತು. ಹಾಗೆ ಹೇಳಲು ನಾಚಿಕೆಯಾಯಿತು. ಅಂದಿನಿಂದ ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳತೊಡಗಿದೆ. ಗಡ್ಡ ಹೆರೆಯುವಾಗ ಬೆರಳು ಕುತ್ತಿಗೆಯ ಕೆಳಗಿನ ಗುಳಿಗೆ ಹೋಗಿ ನಿಲ್ಲುತ್ತಿತ್ತು. ತೂತು ಇಲ್ಲಿ ಬರುತ್ತದೆ. ಇಲ್ಲಿಯೇ. ಕನ್ನಡಿಯಿಂದ ಕಣ್ಣು ತೆಗೆದರೂ ಬೆರಳು ಅಲ್ಲಿಂದ ಬರುತ್ತಿರಲಿಲ್ಲ.

ಅಂಥ ತೂತು ಇದ್ದವರೊಬ್ಬರನ್ನು ನಾನು ಹತ್ತಿರದಿಂದ ಕಂಡದ್ದು ರೇಡಿಯೇಶನ್ ವಿಭಾಗದ ಹೊರಗಿನ ಬೆಂಚಿನಲ್ಲಿ. ಪಕ್ಕದಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ, ಕುತ್ತಿಗೆಗೆ ಮಗುವಿನ ಜೊಲ್ಲುಬಟ್ಟೆಯಂಥ ಒಂದು ತುಂಡು ಬಟ್ಟೆ ಕಟ್ಟಿಕೊಂಡು ಕೂತಿದ್ದ. ಸುಗುಣ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ನಮ್ಮ ಕಡೆ ತಿರುಗಿ, ಟಾರ್ಚಿನಂಥ ಒಂದು ಯಂತ್ರವನ್ನು ಗಂಟಲಿಗೆ ಒತ್ತಿಕೊಂಡ.

"ಕನ್ನಡದಾವ್ರೇನ್ರಿ?"

ಅದು ಮನುಷ್ಯನ ಧ್ವನಿಯಲ್ಲ, ದುಂಬಿಯೊಂದು ಮಾತು ಕಲಿತಿದ್ದರೆ ಹಾಗೆ ಇರುತ್ತಿತ್ತು. ಏರಿಲ್ಲ, ಇಳಿವಿಲ್ಲ, ಎಲ್ಲ ಅಕ್ಷರವೂ ಒಂದೇ ಸ್ವರ. ಆ ಸ್ವರವೂ ಬೇಸಿನದೇ. ಕೇಳಿದ ಕೂಡಲೇ ಅದು ಕೀಬೋರ್ಡಿನಲ್ಲಿ ಎಲ್ಲಿದೆ ಎಂದು ನನಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಇನ್ನೂ ಹೆದರಿಕೆಯಾಯಿತು.

ವಿಜಾಪುರ ಕಡೆಯವರು. ಹೆಸರು ಶಿವಪ್ಪ. ಕುರ್ಲಾದಲ್ಲಿ ಮನೆ, ಕಟ್ಟಡಗಳಿಗೆ ಸೆಂಟ್ರಿಂಗ್ ಹಾಕಿಸುವ ಕೆಲಸ. ತಪಾಸಣೆಗೆ ಬಂದಿದ್ದರು. ನನ್ನ ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ.

"ಹೆದರಬ್ಯಾಡ್ರಿ. ಇದರಾಗ ಎಲ್ಲಾ ಆಗತೈತ್ರಿ. ಆಳಿನ ಮ್ಯಾಲೆ ಒದರೂದು, ಫೋನಿನ್ಯಾಗ ಮಾತು. ಹೆಂಡ್ತಿ ಜೋಡಿ ಜಗಳಾನೂ ಆಗತೈತಿ."

"ಹೂಂ, ಮಾಡತಾರ್ರೀ," ಎಂದರು ಅವರ ಹೆಂಡತಿ, ಆಚೆ ಬದಿಯಿಂದ. "ಬಾಳ ಆತು ಅಂದ್ರ ಬ್ಯಾಟರಿ ತಗದ ಇಟ್ಟಬಿಡತೀನಿ."

ಶಿವಪ್ಪನವರ ಭುಜ ಕುಣಿಯಿತು. ಶಬ್ದ ಬರಲಿಲ್ಲ. ನಗು ಬರುವಾಗ ಯಂತ್ರ ಒತ್ತಲು ನೆನಪಾಗುವುದಿಲ್ಲವಂತೆ. ಸುಗುಣ ಜೋರಾಗಿ ನಕ್ಕಳು. ನಾನೂ ನಕ್ಕೆ. ಅವರ ನಗು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅದನ್ನು ಈಗಲೂ ಮರೆಯಲಾಗುವುದಿಲ್ಲ. ಒಳ್ಳೆಯ ಮನುಷ್ಯ. ದೇವರೇ, ನನ್ನನ್ನು ಅವರಂತೆ ಮಾಡಬೇಡ ಎಂದು ಅವರ ಪಕ್ಕದಲ್ಲಿಯೇ ಕೂತು ಪ್ರಾರ್ಥಿಸಿದೆ.

ರೇಡಿಯೇಶನ್ನಿಗೆ ಮೊದಲು ಮುಖಕ್ಕೂ ಕುತ್ತಿಗೆಗೂ ಒಂದು ಅಚ್ಚು ತೆಗೆಯುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ಬಲೆಯಂಥ ಪ್ಲಾಸ್ಟಿಕ್ಕನ್ನು ಮುಖದ ಮೇಲೆ ಎಳೆದರೆ ಅದು ತಣಿದು ಗಟ್ಟಿಯಾಗುತ್ತದೆ. ಮುಂದೆ ದಿನಾ ಅದನ್ನು ಹಾಕಿ ಮೇಜಿಗೆ ಕ್ಲಿಪ್ಪಿನಿಂದ ಬಿಗಿಯುತ್ತಾರೆ. ಕ್ಲಿಪ್ಪುಗಳ ಟಕ್, ಟಕ್. ಆಮೇಲೆ ಎಲ್ಲರೂ ಹೊರಗೆ ಹೋಗುತ್ತಾರೆ. ದಪ್ಪ ಬಾಗಿಲು ಮುಚ್ಚುತ್ತದೆ. ಗಲ್ಲ ಅಲುಗಿಸುವ ಹಾಗಿಲ್ಲ. ಎಂಜಲು ನುಂಗಬೇಕೆನಿಸುತ್ತದೆ, ನುಂಗಬಾರದು ಎಂದು ನೆನಪಾದ ಕೂಡಲೇ ಬಾಯಿ ತುಂಬ ಎಂಜಲು. ಮೊದಲ ದಿನ ನಾನು ಕೈಯೆತ್ತಿದೆ. ತೊಂದರೆಯಾದರೆ ಕೈಯೆತ್ತಿ ಎಂದಿದ್ದರು. ಓಡಿ ಬಂದರು, ಬಿಚ್ಚಿದರು. "ಏನಾಯಿತು?" ಎಂದರು.

"ಹೆದರಿಕೆ" ಎಂದೆ.

ಅದು ತೊಂದರೆಯ ಪಟ್ಟಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ. ತುಸು ನೀರು ಕುಡಿಸಿ ಮತ್ತೆ ಬಿಗಿದರು.

ದಿನಾ ಮನೆಯಿರುವ ಗೋರೆಗಾಂವಿನಿಂದ ದಾದರಿಗೆ ಲೋಕಲ್, ಅಲ್ಲಿಂದ ಆಸ್ಪತ್ರೆಗೆ ಟ್ಯಾಕ್ಸಿ. ಕ್ಯಾನ್ಸರ್ ರೋಗಿಗಳು ಅಂಗವಿಕಲರ ಡಬ್ಬಿಯಲ್ಲಿ ಹತ್ತಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಕೆಲವು ದಿನ ನಾನು ಹತ್ತಲಿಲ್ಲ. ಜನರಲ್ ಡಬ್ಬಿಯಲ್ಲಿ ನೇತಾಡಿಕೊಂಡು ಹೋದೆ. ನೂಕುನುಗ್ಗಲಲ್ಲಿ ಯಾರದೋ ಮೊಣಕೈ ಗಂಟಲಿಗೆ ಬಡಿದ ದಿನ ಸುಗುಣ ನನ್ನ ಕಾಲರ್ ಹಿಡಿದು ಆ ಡಬ್ಬಿಗೆ ಹತ್ತಿಸಿದಳು. ಒಳಗೆ ಊರುಗೋಲಿನ ಒಬ್ಬ ಯುವಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಕಲ್, ಯೇ ಹ್ಯಾಂಡಿಕ್ಯಾಪ್ ಕಾ ಡಿಬ್ಬಾ ಹೈ. ಆಪ್ ಕೋ ಕ್ಯಾ ಹುವಾ?"

ಏನಾಗಿದೆ ಎಂದು ಹೇಳಲು ಬಾಯಿ ತೆರೆದೆ. ಗಾಳಿ ಬಂತು.

ಗಾಳಿ ಮಾತ್ರ ಬಂತು.

ಬೆಳಿಗ್ಗೆ ಎದ್ದಾಗಿನಿಂದ ನಾನು ಮಾತಾಡಿರಲಿಲ್ಲ. ಈಗ ಇನ್ನೊಮ್ಮೆ ಪ್ರಯತ್ನಿಸಿದೆ. ಇನ್ನೊಮ್ಮೆ. ಗಂಟಲಿನೊಳಗೆ ಇದ್ದ ಮನೆಯನ್ನು ಯಾರೋ ಖಾಲಿ ಮಾಡಿ ಬೀಗ ಹಾಕಿ ಹೋದಂತಿತ್ತು. ಸುಗುಣಳ ಕಣ್ಣು ದೊಡ್ಡದಾಯಿತು. ನಾನು ಶರ್ಟಿನ ಮೇಲಿನ ಗುಂಡಿ ಬಿಚ್ಚಿ, ಸುಟ್ಟು ಕಪ್ಪಾದ ಕುತ್ತಿಗೆಯನ್ನು ಆ ಹುಡುಗನಿಗೆ ತೋರಿಸಿದೆ. ಅವನು ಊರುಗೋಲು ಹಿಡಿದು ಎದ್ದುನಿಂತು ತನ್ನ ಸೀಟು ಬಿಟ್ಟುಕೊಟ್ಟ. ಕಾಲಿಲ್ಲದವನ ಸೀಟಿನಲ್ಲಿ ಸ್ವರ ಇಲ್ಲದವನು ಕೂತು ಅಂಧೇರಿ, ಬಾಂದ್ರಾ ದಾಟಿದೆ. ಗಂಟಲು ಊದಿದೆ, ಹೀಗಾಗುವುದು ಸಹಜ, ತಿರುಗಿ ಬರುತ್ತದೆ ಎಂದು ಡಾಕ್ಟರರು ಹೇಳಿದರು. ನಾನು ನಂಬಲಿಲ್ಲ. ಡಾಕ್ಟರರು ಸಮಾಧಾನದ ಮನುಷ್ಯ ಎಂದು ಆಗಲೇ ಹೇಳಿದೆನಲ್ಲ. ಸಮಾಧಾನದ ಮನುಷ್ಯರ ಮಾತನ್ನು ನಂಬುವುದು ಕಷ್ಟ.

ಆಮೇಲೆ ಗಂಜಿಯೂ ಇಳಿಯದಾಯಿತು. ನುಂಗಿದರೆ ಗಾಜಿನ ಪುಡಿ. ಸುಗುಣ ಗಂಜಿಯನ್ನು ಸೋಸಿ, ತಣಿಸಿ, ಚಮಚದಲ್ಲಿ ಕೊಡುತ್ತಾ, "ಇದೊಂದು, ಇನ್ನೊಂದೇ" ಎಂದು ಸುಳ್ಳು ಹೇಳುತ್ತಿದ್ದಳು. ಶೆರಿನ್ ಬಂದು ನನ್ನ ಹಳೆಯ ಹಾಡುಗಳನ್ನು ಮೊಬೈಲಿನಲ್ಲಿ ಹಾಕಿದಳು. ನಾನು ಕೈಸನ್ನೆ ಮಾಡಿ ನಿಲ್ಲಿಸಿದೆ. ತೀರಿಹೋದವರ ಫೋಟೋಗೆ ಹಾರ ಹಾಕಿದ ಹಾಗೆ ಕೇಳಿಸುತ್ತಿತ್ತು.

ಆ ಸೆಖೆಯ ದಿನಗಳಲ್ಲಿಯೇ ಮಾಸ್ಟ್ರು, ವಿಲ್ಫ್ರೆಡ್ ಮತ್ತು ಹೆಸರು ಬೇಡ ಎಂದವರು ಮನೆಗೆ ಬಂದರು. ಬಾಗಿಲಲ್ಲಿ ಅವರ ಕೈಯಲ್ಲಿ ಹಾಡಿನ ಪುಸ್ತಕ ಕಂಡದ್ದೇ ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ.

ಯಾಕೆಂದು ಹೇಳುತ್ತೇನೆ. ಕಾಯಿಲೆಯವರ ಮನೆಗೆ ಹೋಗಿ ಮಂಚದ ಪಕ್ಕ ನಿಂತು ಹಾಡುವುದು ನಮ್ಮ ತಂಡದ ಸೇವೆ. ಎಷ್ಟು ಮನೆಗಳಿಗೆ ಹೋಗಿದ್ದೇವೋ ಲೆಕ್ಕವಿಲ್ಲ. ಯಾವ ಹಾಡು ಎಂದು ಮೆಟ್ಟಿಲ ಮೇಲೆಯೇ ತೀರ್ಮಾನಿಸುತ್ತಿದ್ದೆವು. ರೋಗಿ ಗುಣವಾಗುವ ಹಾಗಿದ್ದರೆ 'ಏಳುವ ಹಾಡು': ಬಲ, ಬೆಳಕು, ಬೆಳಗು ಎಂದೆಲ್ಲ ಇರುವಂಥದ್ದು. ಆಸೆ ಇಲ್ಲದಿದ್ದರೆ 'ದಾಟುವ ಹಾಡು': ನದಿ, ಆಚೆ ದಡ, ಸಂಜೆ. ಈ ವರ್ಗೀಕರಣ ನಮಗೆ ನಾಲ್ವರಿಗಲ್ಲದೆ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾಸ್ಟ್ರು ಬಾಗಿಲ ಕರೆಗಂಟೆ ಒತ್ತುವ ಮೊದಲು ಪಿಸುದನಿಯಲ್ಲಿ "ಏಳುವುದಾ, ದಾಟುವುದಾ?" ಎಂದು ಕೇಳುತ್ತಿದ್ದರು, ಅವರ ಮನೆಯವರಿಂದ ವಿಚಾರಿಸಿ ತಿಳಿದವನು ಹೇಳುತ್ತಿದ್ದ.

ಈಗ ಮಂಚದ ಮೇಲೆ ನಾನು. ಮೆಟ್ಟಿಲ ಮೇಲೆ ಅವರು ಏನು ತೀರ್ಮಾನಿಸಿದರು? ಸುಗುಣ ಅವರಿಗೆ ಫೋನಿನಲ್ಲಿ ಏನು ಹೇಳಿದ್ದಳು? ಡಾಕ್ಟರರು ನನಗೆ ಹೇಳದ ಏನನ್ನಾದರೂ ಅವಳಿಗೆ ಹೇಳಿದ್ದಾರೆಯೇ? ಅವಳ ಮುಖ ನೋಡಿದೆ. ಅವಳು ಚಹಾದ ನೆಪದಲ್ಲಿ ಒಳಗೆ ಹೋದಳು.

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. ಪುಸ್ತಕ ತೆರೆದರು. ಮುಚ್ಚಿದರು. ವಿಲ್ಫ್ರೆಡ್ ನೆಲ ನೋಡುತ್ತಿದ್ದ. ನನ್ನನ್ನು ಮತ್ತೆ ಆ ಮೇಜಿಗೆ ಬಿಗಿದಂತಾಯಿತು. ಅಲ್ಲಿ ಕೈಯೆತ್ತಿದರೆ ಬಿಚ್ಚುವವರಾದರೂ ಇದ್ದರು.

ಮಾಸ್ಟ್ರು ಶ್ರುತಿ ಕೊಟ್ಟರು. ಮೂವರೂ ಒಟ್ಟಿಗೆ ಶುರುಮಾಡಿದರು.

ಕ್ರಿಸ್ಮಸ್ ಹಾಡು.

ಮೇ ತಿಂಗಳ ಸೆಖೆ, ಫ್ಯಾನಿನ ಕೆಳಗೂ ಬೆವರು, ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಹಾಡು. ಪಕ್ಕದ ಫ್ಲಾಟಿನ ಗುಜರಾತಿ ಹೆಂಗಸು ಬಾಗಿಲು ತೆರೆದು ಇಣುಕಿದಳು. ಮೂವರು ಹಾಡುತ್ತಿದ್ದರು, ಕೆಳಗಿನ ಸ್ವರ ಇರಲಿಲ್ಲ. ಹಾಡು ನೆಲಕ್ಕೆ ಕಾಲು ತಾಗದೆ ತೇಲುತ್ತಿತ್ತು. ನನ್ನ ತುಟಿ ತನ್ನಷ್ಟಕ್ಕೆ ಅಲುಗಿತು. ಗಾಳಿ ಬಂತು.

ಮುಗಿದ ಮೇಲೆ ನಾನು ಕೈಯೆತ್ತಿ, ಇದು ಯಾಕೆ ಎಂದು ಸನ್ನೆ ಮಾಡಿದೆ.

"ತೀರ್ಮಾನ ಆಗ್ಲಿಲ್ಲ ಮಾರಾಯ," ಎಂದ ವಿಲ್ಫ್ರೆಡ್. "ಮೆಟ್ಟಿಲಲ್ಲಿ ನಿಂತದ್ದೇ ನಿಂತದ್ದು. ಮಾಸ್ಟ್ರು ಏಳುವುದು ಅಂದ್ರು. ಏಳುವುದು ಹಾಡಿ ನೀನು ಏಳದಿದ್ರೆ ಎಂತ ಮಾಡುವುದು ಅಂತ ನನಗೆ ಹೆದರಿಕೆ. ದಾಟುವುದು ಹಾಡ್ಲಿಕ್ಕೆ ನಿನ್ನ ಹೆಂಡತಿ ಬಿಡ್ತಾಳಾ? ಇವರು," ಎಂದು ಹೆಸರು ಬೇಡ ಎಂದವರನ್ನು ತೋರಿಸಿ, "ಕ್ರಿಸ್ಮಸ್ಸಿಂದು ಹಾಡುವ, ಅದ್ರಲ್ಲಿ ಯಾರಿಗೂ ಎಂತದೂ ಆಗುವುದಿಲ್ಲ ಅಂದ್ರು."

ನಗು ಬಂತು. ಶಬ್ದ ಇಲ್ಲದ ನಗು, ಭುಜ ಮಾತ್ರ ಕುಣಿಯಿತು. ಅದು ಶಿವಪ್ಪನವರ ನಗು ಎಂದು ಹೊಳೆದ ಕೂಡಲೇ ನಿಂತುಹೋಯಿತು. ಆದರೂ ಅಂದು ಮೊದಲ ಬಾರಿಗೆ, ನನಗಿಂತ ಹೆಚ್ಚು ಹೆದರಿದವರು ಮೂವರು ನನ್ನ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ ಎಂದು ತಿಳಿದು, ನಾನು ಸ್ವಲ್ಪ ಹಗುರಾದೆ. ಹೊರಡುವಾಗ ವಿಲ್ಫ್ರೆಡ್, "ಸಿಗರೇಟು ಬಿಟ್ಟೆ" ಎಂದ. ನಾನು ಅವನ ಜೇಬಿನ ಕಡೆ ಬೆರಳು ತೋರಿಸಿದೆ. "ಇದು ಮುಗಿದ ಮೇಲೆ" ಎಂದ.

ರೇಡಿಯೇಶನ್ ಮುಗಿಯಿತು. ಕುತ್ತಿಗೆಯ ಚರ್ಮ ಹಾವಿನ ಪೊರೆಯಂತೆ ಬಿದ್ದು ಹೊಸದು ಬಂತು. ಊಟ ಸೇರತೊಡಗಿತು. ಧ್ವನಿ ಬಂತು. ಮೊದಲು ಒಂದೊಂದು ಅಕ್ಷರ, ಆಮೇಲೆ ಒಂದೊಂದು ಮಾತು. ಆದರೆ ಬಂದದ್ದು ಯಾರದೋ ಧ್ವನಿ. ತೆಳ್ಳಗೆ, ಮೇಲುಮೇಲಕ್ಕೆ, ನಡುವೆ ಬಿರುಕು. ಕೆಳಕ್ಕೆ ಇಳಿಯಲು ನೋಡಿದರೆ ಮೆಟ್ಟಿಲುಗಳೇ ಇಲ್ಲ. ಲೋ ಸಿ ಹೋಗಲಿ, ಅದು ನನ್ನದಾಗಿರಲಿಲ್ಲ. ನನ್ನದೇ ಆಗಿದ್ದ ಸ್ವರಗಳೂ ಇಲ್ಲ.

ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಯವರ ಬಳಿ ಕಳುಹಿಸಿದರು. ಹಿಂದಿ ಮಾತಾಡುವ ಚುರುಕು ಹುಡುಗಿ. ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಹಾಡನ್ನು ಬಾಯಿ ಮುಚ್ಚಿ ಗುನುಗಿ ಎಂದಳು. ನಮ್ಮ ಅತಿ ಪ್ರಸಿದ್ಧ ಸ್ತೋತ್ರವನ್ನು ಗುನುಗಿದೆ. ಒಂದೇ ಸ್ವರ ಕೆಲವು ಸಲ, ಆಮೇಲೆ ಸ್ವಲ್ಪ ಕೆಳಗೆ, ಮತ್ತೆ ಅದೇ ಸ್ವರ. ಹಾಡು ಶುರುವಾಗಲೆಂದು ಅವಳು ಕಾದಳು.

"ಗಾನಾ ಕಬ್ ಶುರೂ ಹೋಗಾ, ಅಂಕಲ್?"

"ಮುಗಿಯಿತು," ಎಂದೆ.

ಸುಗುಣ ಹಣೆ ಹಿಡಿದುಕೊಂಡಳು. "ಮೇಡಂ, ಇನ್‌ಕೋ ಟ್ಯೂನ್ ನಹೀಂ ಆತಾ. ಇವರಿಗೆ ಯಾವ ಹಾಡಿನ ಮಟ್ಟೂ ಬರುವುದಿಲ್ಲ. ಜೀವಮಾನ ಇಡೀ ಕೆಳಗಿನದ್ದೇ ಹಾಡಿದ್ದು."

ಹೊರಗಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಬೇಸ್ ಹಾಡುವವನಿಗೆ ಹಾಡಿನ ಮಟ್ಟು ಹಾಡುವ ಪ್ರಸಂಗ ಬರುವುದೇ ಇಲ್ಲ. ಅದು ಯಾವಾಗಲೂ ತಲೆಯ ಮೇಲೆ ಎಲ್ಲೋ ಹಾರಾಡುತ್ತಿರುತ್ತದೆ. ನಾವು ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ನೂರಾರು ಹಾಡು ಹಾಡಿದವನಿಗೆ ಒಂದು ಹಾಡೂ ಬರುತ್ತಿರಲಿಲ್ಲ. ನನ್ನ ಗಂಟಲಿನಲ್ಲಿ ಈಗ ಉಳಿದಿದ್ದ ನಾಲ್ಕೈದು ಸ್ವರಗಳು ಮಟ್ಟು ಓಡಾಡುವ ಜಾಗದವು.

ಸುಗುಣ ಕಲಿಸತೊಡಗಿದಳು. ತಂಡದಲ್ಲಿ ಹಾಡಿದವಳಲ್ಲ, ಬೆಂಚಿನಲ್ಲಿ ಕೂತು ಹಾಡಿದವಳು. ತರಕಾರಿ ಹೆಚ್ಚುತ್ತಾ ಒಂದು ಸಾಲು ಹೇಳುತ್ತಾಳೆ, ನಾನು ಹೇಳಬೇಕು. ನಾನು ನನಗೆ ಗೊತ್ತಿಲ್ಲದೆಯೇ ಕೆಳಗೆ ಜಾರುತ್ತೇನೆ. "ಅಲ್ಲಿ ಮೇಲೆ ಹೋಗ್ಬೇಕು ಅಂತ ಎಷ್ಟು ಸಲ ಹೇಳುವುದು? ಶೆರಿನ್ ಮೂರು ವರ್ಷಕ್ಕೇ ಹಾಡ್ತಿದ್ಳು ಇದನ್ನು." ನಾನು ಹಾಡಿನ ವಿಷಯದಲ್ಲಿ ಬೈಸಿಕೊಂಡದ್ದು ಅದೇ ಮೊದಲು.

ರೇಡಿಯೇಶನ್ ಕೆಲಸ ಮಾಡಿದೆಯೋ ಇಲ್ಲವೋ ಎಂದು ನೋಡುವ ದಿನ ಬಂತು. ಮೂಗಿಗೆ ಸ್ಪ್ರೇ. ಕುರ್ಚಿಯ ಕೈಗಳನ್ನು ಹಿಡಿದುಕೊಂಡೆ. ನಳಿಕೆ ಇಳಿಯಿತು. ಡಾಕ್ಟರರು ಪರದೆ ನೋಡುತ್ತಾ 'ಈ' ಎನ್ನಿ ಎಂದರು. ಈ ಎಂದೆ. ಇನ್ನೊಮ್ಮೆ ಎಂದರು.

ಅವರ ಮಾತು ನಿಂತಿತು.

ಮಾತು ನಿಂತರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ತೂತು ಇಲ್ಲಿ ಬರುತ್ತದೆ. ಇಲ್ಲಿಯೇ.

"ಒಂದೇ ಸ್ವರ ಸಾಲದು," ಎಂದರು ಡಾಕ್ಟರರು. "ಮೇಲೆ ಕೆಳಗೆ ಹೋಗಬೇಕು, ಕಾರ್ಡುಗಳು ಹೇಗೆ ಸೇರುತ್ತವೆ ನೋಡಬೇಕು. ನೀವು ಹಾಡುವವರಲ್ಲವೇ? ಏನಾದರೂ ಹಾಡಿ."

ಮೂಗಿನಲ್ಲಿ ನಳಿಕೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಸುಗುಣ ಕಲಿಸಿದ ಹಾಡಿನ ಮೊದಲ ಸಾಲನ್ನು 'ಈ' ಕಾರದಲ್ಲಿ ಹಾಡಿದೆ. ಎರಡನೆಯ ಸಾಲಿನಲ್ಲಿ ಜಾರಿದೆ.

"ಮೇಲೆ, ಮೇಲೆ" ಎಂದಳು ಸುಗುಣ, ಬಾಗಿಲ ಬಳಿಯ ಸ್ಟೂಲಿನಿಂದ. ಹೇಳಿ ತಾನೇ ಹಾಡಿದಳು. ಅವಳ ಸ್ವರವೂ ನಡುಗುತ್ತಿತ್ತು. ನಾನು ಅದನ್ನು ಹಿಡಿದುಕೊಂಡು ಮೇಲೆ ಹೋದೆ. ಬಿರುಕು ಬಿಟ್ಟಿತು. ಹೋದೆ.

ಡಾಕ್ಟರರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

ಎರಡು ಬಿಳಿಯ ಪಟ್ಟಿಗಳು. ಒಂದು ಸ್ವಲ್ಪ ಒರಟು, ಕೆಂಪು ಗೆರೆಗಳಿವೆ. ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅಷ್ಟೇ. ಇಷ್ಟು ಸಣ್ಣ ವಸ್ತುವಿನಿಂದ ನಾನು ಇಷ್ಟು ಕಾಲ ಅಷ್ಟೊಂದು ಗದ್ದಲ ಮಾಡಿದೆನೇ ಎಂದು ಆಶ್ಚರ್ಯವಾಯಿತು.

"ಸದ್ಯಕ್ಕೆ ಏನೂ ಕಾಣುತ್ತಿಲ್ಲ," ಎಂದರು. ಸದ್ಯಕ್ಕೆ ಎಂಬ ಮಾತನ್ನು ಅವರು ನುಂಗಲಿಲ್ಲ, ನಾನೂ ಬಿಡಲಿಲ್ಲ. ತಿರುಗಿ ಬರಬಹುದೇ ಎಂದು ಕೇಳಿದೆ. ಬರಬಹುದು, ಅದಕ್ಕೇ ಆಗಾಗ ನೋಡುವುದು ಎಂದರು. ಬೇಸ್ ತಿರುಗಿ ಬರಬಹುದೇ ಎಂದು ಕೇಳಲಿಲ್ಲ. ಪರದೆಯಲ್ಲಿ ಆ ಒರಟು ಪಟ್ಟಿಯನ್ನು ನೋಡಿದ ಮೇಲೆ ಅದನ್ನು ಕೇಳಿ ತೊಂದರೆ ಕೊಡಬಾರದು ಎನಿಸಿತು.

ಈಗ ಭಾನುವಾರ ಸಂಜೆ ನಾನು ಬೆಂಚಿನಲ್ಲಿ ಸುಗುಣಳ ಪಕ್ಕ ಕೂರುತ್ತೇನೆ. ಮುಂದೆ ಮೂವರು ಹಾಡುತ್ತಾರೆ. ಮುಂದಿನ ತಪಾಸಣೆಯ ದಿನ ಹತ್ತಿರ ಬಂದಂತೆ ಬೆರಳು ಮತ್ತೆ ಕುತ್ತಿಗೆಯ ಗುಳಿಗೆ ಹೋಗುತ್ತದೆ. ಮಾತು ತುಸು ಒಡೆದರೂ ಸುಗುಣ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಾಳೆ. ಹೆದರಿಕೆ ಹೋಗಿಲ್ಲ. ಹೋಗುತ್ತದೆಂದು ಯಾರೂ ಹೇಳಿಯೂ ಇಲ್ಲ.

ಕಳೆದ ವಾರ ಸಭೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಮೊದಲಿನಿಂದ ಕೊನೆಯವರೆಗೆ ಮಟ್ಟನ್ನೇ ಹಾಡಿದೆ. ಯಾರಿಗೂ ಕೇಳಿಸಿರಲಿಕ್ಕಿಲ್ಲ. ಸುಗುಣಳಿಗೆ ಕೇಳಿಸಿತು.

"ಒಂದು ಕಡೆ ತಪ್ಪಿತು," ಎಂದಳು, ಕೂತುಕೊಳ್ಳುತ್ತಾ. "ಪರವಾಗಿಲ್ಲ. ಮುಂದಿನ ವಾರಕ್ಕೆ ಬೇರೆ ಹಾಡು."